ಫೈಲು ಉಳೀತು, ಪ್ಲೇಯರ್ ಹೋಯ್ತು

ಪೇಟೆಯ ಸೈಬರ್ ಕೆಫೆಯಲ್ಲಿ ನಾವು ಪುಕ್ಕಟೆ ಆಡ್ತಿದ್ದ ಬಹುಪಾಲು ಗೇಮ್‌ಗಳ ಹಿಂದೆ ಇದ್ದದ್ದು ಫ್ಲ್ಯಾಶ್. 1996ರಲ್ಲಿ ಜೊನಾಥನ್ ಗೇ ಮತ್ತು ಸಂಗಡಿಗರು ತಂದ ಫ್ಯೂಚರ್‌ಸ್ಪ್ಲಾಶ್ ಅನ್ನೋ ಸಾಫ್ಟ್‌ವೇರನ್ನು ಮ್ಯಾಕ್ರೋಮೀಡಿಯಾ ಕೊಂಡು ಈ ಹೆಸರಿಟ್ಟಿತು. 2005ರಲ್ಲಿ ಅದು ಅಡೋಬಿ ಪಾಲಾಯ್ತು.

ಗುಟ್ಟು ಸರಳ. ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ ಕಳಿಸದೆ, ‘ಇಲ್ಲಿಂದ ಅಲ್ಲಿಗೆ ಗೆರೆ ಎಳಿ, ಈ ಬಣ್ಣ ತುಂಬು’ ಅಂತ ಸೂಚನೆ ಮಾತ್ರ ಕಳಿಸೋದು. ಬಿಡಿಸೋ ಕೆಲಸ ನಮ್ಮ ಕಂಪ್ಯೂಟರಿನದ್ದು. ಫೈಲು ಚಿಕ್ಕದಾದ್ದರಿಂದ ಆಮೆವೇಗದ ಡಯಲಪ್‌ನಲ್ಲೂ ಗೇಮ್ ಬರ್ತಿತ್ತು. 2000ದಲ್ಲಿ ಆಕ್ಷನ್‌ಸ್ಕ್ರಿಪ್ಟ್ ಸೇರಿದ ಮೇಲಂತೂ ಒಬ್ಬನೇ ಕೂತು ಗೇಮ್ ಬರೆಯಬಹುದಾಯ್ತು.

ಆದರೆ ಪ್ಲಗಿನ್ ಇದ್ದದ್ದು ಒಂದೇ ಕಂಪನಿಯ ಕೈಲಿ. ಅದರ ಭದ್ರತೆಯಲ್ಲಿ ತೂತುಗಳು ಸಿಗ್ತಾನೇ ಇದ್ದವು. ಐಫೋನ್ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಅಷ್ಟರಲ್ಲಿ ಪ್ಲಗಿನ್ ಬೇಡದ ಕ್ಯಾನ್ವಾಸ್, ವೆಬ್‌ಜಿಎಲ್ ಬಂದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕೈಬಿಟ್ಟಿತು. 2021ರ ಜನವರಿ 12ರಿಂದ ಪ್ಲೇಯರ್ ತಾನೇ ಗೇಮ್‌ಗಳನ್ನು ತಡೀತು.

ಮನೆಯ ಹಳೇ ಪೆಟ್ಟಿಗೆಯ ಮೋಡಿ ಅಕ್ಷರದ ಕಾಗದಗಳ ಹಾಗೆ, ಫೈಲುಗಳಿದ್ದವು, ಓದೋರಿರಲಿಲ್ಲ. ಈಗ ರಫಲ್ ಅನ್ನೋ ಓಪನ್‌ಸೋರ್ಸ್ ಎಮ್ಯುಲೇಟರ್ ಅವನ್ನು ಬ್ರೌಸರ್‌ನಲ್ಲೇ ಓದುತ್ತೆ. ಆಡಿದವರಿಗೆ ಪ್ರೀತಿ ಇತ್ತು, ಉಳಿಸಿಕೊಂಡರು. ನಾನು ದಿನಾ ಬರೆಯೋ ಕೋಡಿಗೆ ಅಂಥವರು ಸಿಗಲಿಕ್ಕಿಲ್ಲ.