ಪಾಸಿಗೆ ಔಟ್ ಅಂಟಿದ ಕತೆ

ಚೆನ್ನೈನ ಸೇಂಟ್ ಥಾಮಸ್ ಮೌಂಟಿನಲ್ಲಿರುವ ಪರಮೇಶ್ವರನ್ ಡ್ರಿಲ್ ಮೈದಾನ. ಸೇನಾಧಿಕಾರಿಗಳು ತರಬೇತಿ ಮುಗಿಸಿ ಹೊರಬೀಳುವ ‘ಪಾಸಿಂಗ್ ಔಟ್ ಪರೇಡ್’ ನಡೆಯುವಾಗ ಬಿಸಿಲಿಗೆ ಯಾರಾದರೂ ತಲೆ ತಿರುಗಿ ಬಿದ್ದರೆ ಇಂಗ್ಲಿಷಿನಲ್ಲಿ ಅದಕ್ಕೂ ‘ಪಾಸ್ ಔಟ್’ ಎಂದೇ ಹೆಸರು. ಹೆಚ್ಚು ಹೊತ್ತು ಸಾವಧಾನದಲ್ಲಿ ನಿಲ್ಲುವವರಿಗೆ ಬೂಟಿನೊಳಗೇ ಕಾಲ್ಬೆರಳು ಆಡಿಸುತ್ತಿರಿ ಎಂದು ಹೇಳಿಕೊಡುವುದು ಹಲವು ಸೇನೆಗಳಲ್ಲಿ ಉಂಟು. ಒಂದು ಪಾಸ್ ಔಟ್ ಆಗಬೇಕಾದರೆ ಇನ್ನೊಂದು ಆಗಕೂಡದು, ಅಷ್ಟೇ.

ಪರೀಕ್ಷೆಯ ‘ಪಾಸು’ ಮಾತ್ರ ಈ ಊರಿನಲ್ಲಿ ಬಹಳ ಹಳೆಯದು. 1857ರಲ್ಲಿ ಹುಟ್ಟಿದ ಮದ್ರಾಸ್ ವಿಶ್ವವಿದ್ಯಾಲಯ ಲಂಡನ್ನಿನ ಮಾದರಿಯದು. ಮೊದಮೊದಲು ಅದು ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುತ್ತಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು, ಮಂಗಳೂರಿನ ಸೇಂಟ್ ಅಲೋಶಿಯಸ್, ಎಲ್ಲ ಕಡೆಯ ಹುಡುಗರ ಹಣೆಬರಹವೂ ಮದ್ರಾಸಿನ ಕೈಯಲ್ಲಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದ ಮೇಲಷ್ಟೇ ಸಂಸ್ಥಾನದವರು ಬೇರೆಯಾದರು. ಕನ್ನಡ ಆ ಪಾಸನ್ನು ತನ್ನದಾಗಿಸಿಕೊಂಡ ಪರಿ ನೋಡಿ: ಇಂಗ್ಲಿಷ್ ಪದದ ಮೊದಲಿಗೆ ಪಾರಸಿಯ ‘ನ’ ಸೇರಿ ‘ನಪಾಸು’ ಆಯಿತು. ಇಂಗ್ಲಿಷಿನವರಿಗೇ ಇಲ್ಲದ ಪದ!

ಬೇರು ಬಿಟ್ಟ ಪಾಸಿಗೆ ‘ಔಟ್’ ಅಂಟುವುದು ಕಷ್ಟವಾಗಲಿಲ್ಲ. ತರಬೇತಿ ಮುಗಿಸಿ ಹೊರಬೀಳುವುದೆಂಬ ಅರ್ಥ ಬ್ರಿಟನ್ನಿನಲ್ಲಿ ಇಂದಿಗೂ ಸೈನಿಕರ, ಪೊಲೀಸರ ಮಾತಿನಲ್ಲಿ ಉಳಿದಿದೆ. ಕಾಲೇಜು ಮುಗಿಸಿದವರಿಗೆ ಅದನ್ನು ಹಚ್ಚಿದ್ದು ನಾವು. ಕೆಲಸದ ಜಾಹೀರಾತಿನಲ್ಲಿ ಕ್ರಿಯಾಪದವೇ ಮನುಷ್ಯನಾಗಿಬಿಟ್ಟಿದೆ: ‘2024ರ ಪಾಸ್‌ಔಟ್‌ಗಳು ಅರ್ಜಿ ಹಾಕಬಹುದು.’ ಇದನ್ನು ತಪ್ಪೆಂದು ತಿದ್ದುವ ಮೇಷ್ಟರಿದ್ದಾರೆ. ಕೋಟಿಗಟ್ಟಲೆ ಜನ ಒಂದೇ ಅರ್ಥದಲ್ಲಿ ಆಡುವ ಮಾತನ್ನು ತಪ್ಪೆನ್ನುವುದು ಹೇಗೆ?

ಮತ್ತೆ ಪರೇಡಿಗೆ ಬರೋಣ. ಆ ಡ್ರಿಲ್ ಮೈದಾನವಿರುವ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿ 1962ರ ಚೀನಾ ಯುದ್ಧದ ಕೂಸು. ತುರ್ತಾಗಿ ಅಧಿಕಾರಿಗಳು ಬೇಕಾಗಿದ್ದರಿಂದ 1963ರಲ್ಲಿ ಸ್ಕೂಲಾಗಿ ಶುರುವಾಗಿ, 1988ರಲ್ಲಿ ಅಕಾಡೆಮಿಯಾಯಿತು. 1992ರಲ್ಲಿ ಹೆಣ್ಣುಮಕ್ಕಳೂ ತರಬೇತಿಗೆ ಬಂದರು. ಮೈದಾನಕ್ಕೆ ಹೆಸರು ಕೊಟ್ಟ ಮೇಜರ್ ರಾಮಸ್ವಾಮಿ ಪರಮೇಶ್ವರನ್ 1972ರಲ್ಲಿ ಇಲ್ಲಿಂದಲೇ ಪಾಸ್ ಔಟ್ ಆದವರು. 1987ರ ನವೆಂಬರ್ 25ರಂದು ಶ್ರೀಲಂಕಾದಲ್ಲಿ ಹೋರಾಡುತ್ತ ಮಡಿದ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು.

ಪರೇಡಿನ ಕೊನೆಯ ಹೆಜ್ಜೆಗೆ ‘ಅಂತಿಮ್ ಪಗ್’ ಎನ್ನುತ್ತಾರೆ. ಅದನ್ನಿಟ್ಟ ಮೇಲೆ ಅಪ್ಪ ಅಮ್ಮ ಬಂದು ಹೆಗಲ ಪಟ್ಟಿಗೆ ಮುಚ್ಚಿದ ಬಟ್ಟೆ ಕಿತ್ತು ಹುದ್ದೆಯ ನಕ್ಷತ್ರಗಳನ್ನು ಹೊರಗೆಡಹುತ್ತಾರೆ. ಕನ್ನಡದ ಮನೆಯವರಾದರೆ ಊರಿಗೆ ಫೋನಿನಲ್ಲಿ ‘ನಮ್ಮ ಹುಡುಗಿ ಪಾಸಾದಳು’ ಎಂದಾರು. ಔಟ್ ಎಂದರೆ ಆ ಕಡೆಯ ಅಜ್ಜನಿಗೆ ನೆನಪಾಗುವುದು ಕ್ರಿಕೆಟ್ಟು.