ಪೇಟಿ ಮಾಸ್ತರನ ಮೇಳ: ಬನಶಂಕರಿ ಜಾತ್ರೆಯಲ್ಲಿ ರಾಗವೂ ಹೊಸ ಮಟ್ಟೂ

ಬಾದಾಮಿಗೆ ಹತ್ತಿರದ ಚೊಳಚಗುಡ್ಡದಲ್ಲಿ ಪುಷ್ಯ ಮಾಸದ ಬನದ ಹುಣ್ಣಿಮೆಯಂದು ಬನಶಂಕರಿಯ ತೇರು ಸಾಗುತ್ತದೆ. ಅದಕ್ಕೂ ಮುನ್ನ ಬರುವ ಪಲ್ಲೇದ ಹಬ್ಬದಲ್ಲಿ ಶಾಕಂಬರಿ ದೇವಿಗೆ ನೂರೆಂಟು ಬಗೆಯ ಕಾಯಿಪಲ್ಲೆಗಳ ನೈವೇದ್ಯವಾಗುತ್ತದೆ. ತೇರು ಒಂದು ದಿನದ್ದಾದರೂ ಜಾತ್ರೆ ಮಾತ್ರ ವಾರಗಟ್ಟಲೆ ನಡೆಯುತ್ತದೆ. ಬಾಗಿಲು ಚೌಕಟ್ಟು ಕೊಳ್ಳಲು ಬಂದ ರೈತ ಕುಟುಂಬಗಳು ರಾತ್ರಿ ಬೆಳಗಾಗುವವರೆಗೆ ಕಂಪನಿ ನಾಟಕಗಳ ಡೇರೆಗಳಲ್ಲಿ ಕುಳಿತಿರುತ್ತವೆ. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳಿಗೆ ವರ್ಷದ ದೊಡ್ಡ ಸುಗ್ಗಿ ಎಂದರೆ ಇದೇ.

ಈ ನಾಟಕಗಳ ಕಥೆ, ನಟರು, ಹಾಸ್ಯ ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ರಂಗದ ಮುಂದೆ ತಗ್ಗಿನಲ್ಲಿ ಕುಳಿತ ಮೇಳದ ಕಡೆ ಗಮನ ಹೋದದ್ದು ಕಡಿಮೆ. ಒಂದು ಪೇಟಿ, ಒಂದು ಜೋಡಿ ತಬಲಾ, ಅನುಕೂಲವಿದ್ದಲ್ಲಿ ಪಿಟೀಲು ಅಥವಾ ಕ್ಲಾರಿಯೋನೆಟ್. ಮೂರು ನಾಲ್ಕು ವಾದ್ಯಗಳ ಈ ಪುಟ್ಟ ಮೇಳವೇ ಹಲವು ದಶಕಗಳ ಕಾಲ ಹಳ್ಳಿಯ ಜನಕ್ಕೆ ಶಾಸ್ತ್ರೀಯ ಸಂಗೀತವನ್ನೂ ಅಂದಂದಿನ ಹೊಸ ಹಾಡನ್ನೂ ಒಂದೇ ರಾತ್ರಿಯಲ್ಲಿ ಕೇಳಿಸಿತು.

ಹಳತು ಹೊಸತುಗಳನ್ನು ಹೀಗೆ ಒಟ್ಟಿಗೆ ಉಣಬಡಿಸುವ ಪದ್ಧತಿ ಬೇರೆ ದೇಶಗಳಲ್ಲೂ ಉಂಟು. ಯುರೋಪಿನ ‘ಸ್ಟ್ರಿಂಗ್ ಕ್ವಾರ್ಟೆಟ್’ ಎಂಬುದು ನಾಲ್ವರ ಮೇಳ. ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಿಯೋಲ, ಕಾಲ ನಡುವೆ ಇಟ್ಟು ನುಡಿಸುವ ಚೆಲ್ಲೊ ಅದರಲ್ಲಿರುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಹೇಡನ್ ಈ ಪ್ರಕಾರಕ್ಕೆ ಗಟ್ಟಿ ರೂಪ ಕೊಟ್ಟ. ಇಂದಿನ ಕಚೇರಿಗಳಲ್ಲಿ ಹೇಡನ್‌ನ ಕೃತಿಯ ಬೆನ್ನಿಗೇ ಬದುಕಿರುವ ಸಂಗೀತಗಾರನ ಹೊಸ ರಚನೆಯನ್ನು ಇಡುವುದು ರೂಢಿ. ಹಳೆಯದಕ್ಕೆ ಬಂದ ಶ್ರೋತೃ ಹೊಸದನ್ನೂ ಕೇಳಲಿ ಎಂಬುದು ಅದರ ಲೆಕ್ಕಾಚಾರ. ಕಂಪನಿಯ ಮೇಳದಲ್ಲಿ ಲೆಕ್ಕ ತಿರುವುಮುರುವು. ಹೊಸದಕ್ಕೆ ಬಂದವನ ಕಿವಿಗೆ ಹಳೆಯದೂ ಬೀಳುತ್ತಿತ್ತು.

ಈ ಬೆರಕೆ ಸಿನಿಮಾ ಬಂದ ಮೇಲಿನದೇನೂ ಅಲ್ಲ. ಮರಾಠಿ ಸಂಗೀತ ನಾಟಕಕ್ಕೆ ನೆಲೆ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1882ರಲ್ಲಿ ರಂಗಕ್ಕೆ ಬಂದ ಅವರ ‘ಸೌಭದ್ರ’ದಲ್ಲಿ ಕನ್ನಡ ನಾಡಿನ ಮಟ್ಟುಗಳೂ ಸೇರಿದ್ದವು. ಮುಂದೆ ಆ ನಾಟ್ಯಗೀತಗಳ ಧಾಟಿಯೇ ಕನ್ನಡ ಕಂಪನಿಗಳಿಗೆ ಮರಳಿ ಬಂದಿತು. ಶಿರಹಟ್ಟಿ ವೆಂಕೋಬರಾಯರು, ವಾಮನರಾವ್ ಮಾಸ್ತರರು ಮೊದಲಾದವರ ಕಂಪನಿಗಳ ಕಾಲಕ್ಕೆ ಇವತ್ತು ನಾವು ‘ಹಳೆಯ ರಂಗಗೀತೆ’ ಎನ್ನುವುದೆಲ್ಲ ಹೊಚ್ಚಹೊಸ ಫ್ಯಾಷನ್ ಆಗಿತ್ತು. ಪೇಟಿಯೂ ಅಷ್ಟೇ. ಪ್ಯಾರಿಸ್ಸಿನಲ್ಲಿ 1842ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನಿಂದ ಪೇಟೆಂಟ್ ಪಡೆದ ವಾದ್ಯ ಅದು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ ಎಂಬ ಆಕ್ಷೇಪದಿಂದ ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ದೂರವಿಟ್ಟಿತ್ತು. ಕಂಪನಿಗಳು ಮಾತ್ರ ಪೇಟಿಯನ್ನು ಬಿಡಲಿಲ್ಲ. ಡೇರೆಯ ಕೊನೆಯ ಸಾಲಿಗೂ ಕೇಳಬೇಕಾದ ದನಿ ಅದರದು.

ಮೇಳದ ಯಜಮಾನಿಕೆ ಪೇಟಿ ಮಾಸ್ತರನದು. ಕವಿ ಬರೆದ ಹಾಡಿಗೆ ಮಟ್ಟು ಕೂಡಿಸುವವನು ಅವನೇ, ನಟನ ಕಂಠಕ್ಕೆ ತಕ್ಕ ಶ್ರುತಿ ಗೊತ್ತುಮಾಡುವವನೂ ಅವನೇ. ಕರುಣೆಗೆ ಜೋಗಿಯಾ, ಭಕ್ತಿಗೆ ಭೈರವಿ ಎಂದು ಆರಿಸುತ್ತಿದ್ದ ಅದೇ ಕೈ ಹಾಸ್ಯದ ಜೋಡಿಗೆ ಸಿನಿಮಾ ಮಟ್ಟನ್ನು ಹೊಂದಿಸುತ್ತಿತ್ತು. ಜನ ‘ಒನ್ಸ್ ಮೋರ್’ ಎಂದರೆ ನಟ ಎರಡನೆಯ ಸಲ ಬೇರೆ ಆಲಾಪ, ಬೇರೆ ತಾನು ಹಾಕುತ್ತಿದ್ದ. ಪೇಟಿ, ತಬಲಾಗಳು ಅವನನ್ನು ಹಿಂಬಾಲಿಸುತ್ತಿದ್ದವು. ಹೀಗೆ ಕಂಪನಿ ಎಂಬುದು ಗಾಯಕರಿಗೆ ಗರಡಿಮನೆಯೂ ಆಯಿತು. ಮಲ್ಲಿಕಾರ್ಜುನ ಮನ್ಸೂರರು (1910–1992) ಬಾಲ್ಯದಲ್ಲಿ ಹಾಡಿದ್ದು ಕಂಪನಿಯ ರಂಗದ ಮೇಲೆ. ಬಸವರಾಜ ರಾಜಗುರು ಅವರಿಗೂ ವಾಮನರಾವ್ ಮಾಸ್ತರರ ಕಂಪನಿಯ ನಂಟಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದ್ದು ಇನ್ನೊಂದು ಬಗೆ. ಅಂಧ ಮಕ್ಕಳ ಅನ್ನ ಮತ್ತು ಸಂಗೀತ ವಿದ್ಯೆಗೆ ಆಧಾರವಾಗಲೆಂದು ಆಶ್ರಮವೇ ನಾಟಕ ಕಂಪನಿ ಕಟ್ಟಿತು. ಪುಟ್ಟರಾಜ ಗವಾಯಿಗಳು (1914–2010) ಅದಕ್ಕಾಗಿ ತಾವೇ ನಾಟಕ ಬರೆದರು. ಜಾತ್ರೆಯ ಟಿಕೆಟ್ಟಿನ ದುಡ್ಡು ಖ್ಯಾಲ್ ಗಾಯನವನ್ನೂ ಸಾಕಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸಿನಿಮಾದೊಡನೆ ನಡೆದ ಕೊಡುಕೊಳ್ಳುವಿಕೆಯೂ ಒಮ್ಮುಖವಲ್ಲ. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರ ಸೋದರಿ ಗೋಹರಬಾಯಿ ಬಾಲಗಂಧರ್ವರ ರಂಗಭೂಮಿಯಲ್ಲಿ ಹೆಸರಾದರು. ಹುನಗುಂದ ತಾಲ್ಲೂಕಿನ ಸೂಳೇಬಾವಿಯ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ರಾಜಕುಮಾರ್ ನಟಿಸಿದ ಚಿತ್ರವಾಯಿತು. ಕಂಪನಿಯಿಂದ ಕಥೆ ಸಿನಿಮಾಕ್ಕೆ ಹೋಯಿತು, ಸಿನಿಮಾದಿಂದ ಮಟ್ಟು ಕಂಪನಿಗೆ ಬಂದಿತು.

ಆದ್ದರಿಂದ ಸಿನಿಮಾ ಹಾಡು ಬಂದು ಕಂಪನಿಯ ಸಂಗೀತ ಕೆಟ್ಟಿತು ಎಂಬ ಮಾತು ಅರ್ಧ ಸತ್ಯ ಮಾತ್ರ. ಸಿನಿಮಾ ಮಟ್ಟನ್ನು ಪೇಟಿಯ ಮೇಲೆ ಕೂಡಿಸಿ, ನಟನ ಕಂಠಕ್ಕೆ ಹದಗೊಳಿಸಿ ನುಡಿಸುವವರೆಗೆ ಅದು ಮೇಳದ ಸಂಗೀತವೇ ಆಗಿತ್ತು. ನಿಜವಾದ ಬದಲಾವಣೆ ಬಂದದ್ದು ಮೈಕು ನಟನ ಗಂಟಲಿನ ಕೆಲಸ ವಹಿಸಿಕೊಂಡಾಗ, ಆಮೇಲೆ ಕೀಬೋರ್ಡು ಮತ್ತು ರಿದಂ ಪ್ಯಾಡುಗಳು ಮೇಳದ ಜಾಗ ಹಿಡಿದಾಗ. ಮುದ್ರಿತ ಹಾಡಿಗೆ ತುಟಿ ಆಡಿಸುವ ನಟನಿಗೆ ‘ಒನ್ಸ್ ಮೋರ್’ ಎಂದರೆ ಅದೇ ಹಾಡು ಹಾಗೆಯೇ ಮತ್ತೊಮ್ಮೆ ಕೇಳಬಹುದು, ಹೊಸದೊಂದು ತಾನು ಹುಟ್ಟುವುದಿಲ್ಲ. ಮೇಳದ ಪಕ್ಕದಲ್ಲಿ ಕುಳಿತು ಕಲಿಯುವ ಹುಡುಗನಿಗೂ ಅಲ್ಲಿ ಜಾಗವಿಲ್ಲ.

ಇದಕ್ಕೆ ಕಂಪನಿ ಮಾಲೀಕರನ್ನಷ್ಟೇ ದೂರುವುದು ನ್ಯಾಯವಲ್ಲ. ನಾಲ್ವರು ವಾದಕರನ್ನು ಇಟ್ಟುಕೊಂಡರೆ ನಾಲ್ವರ ಸಂಬಳ, ಊಟ, ಊರಿಂದೂರಿಗೆ ಸಾಗಣೆಯ ಖರ್ಚು ಬರುತ್ತದೆ. ಉಳಿದ ತಿಂಗಳುಗಳ ಸಾಲವನ್ನು ಬನಶಂಕರಿಯಲ್ಲಿ ತೀರಿಸುವ ಕಂಪನಿಗಳಿಗೆ ಅದು ಸಣ್ಣ ಹೊರೆಯಲ್ಲ. ಕೋವಿಡ್ ಕಾಲದಲ್ಲಿ ಜಾತ್ರೆಗೆ ನಿರ್ಬಂಧ ಬಿದ್ದಾಗ ಈ ಸಾಲದ ಚಕ್ರ ಎಷ್ಟು ನಾಜೂಕಿನದು ಎಂಬುದು ಎಲ್ಲರ ಅನುಭವಕ್ಕೂ ಬಂದಿತು.

ಕಂಪನಿಗಳಿಗೆ ನೆರವಿನ ಮಾತು ಬಂದಾಗಲೆಲ್ಲ ಡೇರೆ, ಪರದೆ, ನಟರ ಮಾಸಾಶನಗಳ ವಿಚಾರ ಏಳುತ್ತದೆ. ಆ ಪಟ್ಟಿಯಲ್ಲಿ ಪೇಟಿ ಮಾಸ್ತರನಿಗೂ ತಬಲಾದವನಿಗೂ ಒಂದು ಸಾಲು ಬೇಕು. ಉತ್ತರ ಕರ್ನಾಟಕದ ಹಿಂದೂಸ್ತಾನಿ ಪರಂಪರೆಯ ಹೆಮ್ಮೆಯನ್ನು ಹೇಳಿಕೊಳ್ಳುವಾಗ ಅದರ ಬೇರಿನ ಒಂದು ಎಳೆ ಇಂಥ ಜಾತ್ರೆಗಳ ಮೇಳದಲ್ಲಿ ಇತ್ತು ಎಂಬುದನ್ನು ಮರೆಯುವಂತಿಲ್ಲ.