ಹಾರುವ ನದಿಗಳು

ಅಮೆಜಾನ್ ಕಾಡಿನ ಮೇಲೆ ಗಾಳಿಯೊಡನೆ ಸಾಗುವ ನೀರಾವಿಯ ಮಹಾಪ್ರವಾಹಗಳಿಗೆ ಈ ಹೆಸರು. ಅಟ್ಲಾಂಟಿಕ್ ಸಾಗರದಿಂದ ಪಶ್ಚಿಮಕ್ಕೆ ಬೀಸುವ ಮಾರುತಗಳು ತೇವವನ್ನು ಕಾಡಿಗೆ ತರುತ್ತವೆ. ಕಾಡು ಅದನ್ನು ಮಳೆಯಾಗಿ ಪಡೆದು, ಎಲೆಗಳ ಮೂಲಕ ಮತ್ತೆ ಆವಿಯಾಗಿ ಬಿಡುತ್ತದೆ. ಆಂಡಿಸ್ ಪರ್ವತಸಾಲು ತಡೆದಾಗ ಪ್ರವಾಹದ ಒಂದು ಭಾಗ ದಕ್ಷಿಣಕ್ಕೆ ಹೊರಳಿ ಲಾ ಪ್ಲಾಟಾ ನದಿಯ ಜಲಾನಯನ ಪ್ರದೇಶವನ್ನು ತಲುಪುತ್ತದೆ.

ಕಾಡಿದ್ದಲ್ಲಿ ಮಳೆ ಎಂಬುದು ನಮ್ಮ ಮಲೆನಾಡಿನವರಿಗೆ ಹಳೆಯ ಮಾತು. ಹವಾಮಾನ ಶಾಸ್ತ್ರ ಮಾತ್ರ ಬಹುಕಾಲ ಇದನ್ನು ತಿರುವುಮುರುವಾಗಿ ಹೇಳಿತು: ಮಳೆ ಬೀಳುವುದರಿಂದ ಕಾಡು ಬೆಳೆದಿದೆ, ಕಾಡಿಗೆ ಮಳೆ ತರಿಸುವ ಶಕ್ತಿಯಿಲ್ಲ. 1970ರ ದಶಕದಲ್ಲಿ ಈ ನಂಬಿಕೆಯನ್ನು ಅಲುಗಿಸಿದವರು ಬ್ರೆಜಿಲ್‌ನ ವಿಜ್ಞಾನಿ ಎನೀಯಾಸ್ ಸಲಾಟಿ.

ಅವರು ಹಿಡಿದ ದಾರಿ ಸರಳ, ಅಷ್ಟೇ ಸೊಗಸು. ನೀರಿನ ಅಣುಗಳಲ್ಲಿ ಕೆಲವು ಆಕ್ಸಿಜನ್-18 ಹೊತ್ತು ತುಸು ಭಾರವಾಗಿರುತ್ತವೆ. ಮೋಡ ಮಳೆಗರೆಯುವಾಗ ಭಾರದ ಅಣುಗಳೇ ಹೆಚ್ಚಾಗಿ ಮೊದಲು ಉದುರುತ್ತವೆ. ಹೀಗಾಗಿ ಕಡಲಿನಿಂದ ಒಳನಾಡಿಗೆ ಹೋದಂತೆ ಮಳೆನೀರಿನಲ್ಲಿ ಅವುಗಳ ಪಾಲು ಇಳಿಯಬೇಕು. ಸಲಾಟಿ ಮತ್ತು ಸಂಗಡಿಗರು ಅಮೆಜಾನ್ ಪ್ರದೇಶದ ಮಳೆನೀರನ್ನು ಪರೀಕ್ಷಿಸಿದಾಗ ಇಳಿಕೆ ನಿರೀಕ್ಷೆಗಿಂತ ಬಹಳ ಕಡಿಮೆ ಇತ್ತು. ಭಾರದ ಅಣುಗಳನ್ನು ಯಾರೋ ಗಾಳಿಗೆ ಹಿಂದಿರುಗಿಸುತ್ತಿದ್ದರು. ಅದು ಮರಗಳ ಕೆಲಸ. ತೆರೆದ ನೀರು ಆವಿಯಾಗುವಾಗ ಹಗುರ ಅಣುಗಳಿಗೇ ಆದ್ಯತೆ. ಬೇರು ಹೀರಿದ ನೀರನ್ನು ಎಲೆ ಬಿಡುವಾಗ ಒಟ್ಟಾರೆ ಅಂಥ ಭೇದ ಉಳಿಯುವುದಿಲ್ಲ. 1979ರಲ್ಲಿ ಪ್ರಕಟವಾದ ಈ ಅಧ್ಯಯನ ಅಮೆಜಾನ್ ತನ್ನ ಮಳೆಯ ಸುಮಾರು ಅರ್ಧವನ್ನು ತಾನೇ ಮರುಬಳಸುತ್ತದೆ ಎಂಬ ತಿಳಿವಿಗೆ ತಳಹದಿಯಾಯಿತು. ಜೀವಗೋಳ ಜಲಚಕ್ರದ ಫಲಾನುಭವಿ ಮಾತ್ರವಲ್ಲ, ಅದನ್ನು ತಿರುಗಿಸುವ ಕೈಯೂ ಹೌದು ಎಂದು ಅಳೆದು ತೋರಿಸಿದ ಕೆಲಸವಿದು.

‘ಹಾರುವ ನದಿ’ ಎಂಬ ಹೆಸರು ಜನರ ಬಾಯಿಗೆ ಬಂದದ್ದು ನಂತರ. ಪೈಲಟ್ ಜೆರಾರ್ಡ್ ಮಾಸ್ 2007ರಿಂದ ಸಣ್ಣ ವಿಮಾನದಲ್ಲಿ ಈ ಪ್ರವಾಹಗಳ ಬೆನ್ನು ಹತ್ತಿ ಆವಿಯ ಮಾದರಿ ಸಂಗ್ರಹಿಸಿದರು. ಅದೇ ವರ್ಷ ರಷ್ಯದ ಅನಸ್ತಾಸಿಯಾ ಮಕಾರಿಯೆವಾ ಮತ್ತು ವಿಕ್ಟರ್ ಗೋರ್ಶ್ಕೊವ್, ಕಾಡೇ ಕಡಲಗಾಳಿಯನ್ನು ಒಳಕ್ಕೆ ಸೆಳೆಯುತ್ತದೆಂಬ ‘ಜೈವಿಕ ಪಂಪ್’ ಸಿದ್ಧಾಂತ ಮಂಡಿಸಿದರು. ಅದರ ಬಗ್ಗೆ ವಿವಾದ ಇನ್ನೂ ತೀರಿಲ್ಲ.

2017ರ ಇನ್ನೊಂದು ಸಂಶೋಧನೆಗೆ ಹೆಚ್ಚಿನ ತೂಕವಿದೆ. ದಕ್ಷಿಣ ಅಮೆಜಾನ್‌ನಲ್ಲಿ ಮಳೆಗಾಲ, ಸಾಗರದ ಮಳೆಪಟ್ಟಿ ಅತ್ತ ಸರಿಯುವುದಕ್ಕೆ ಎರಡು-ಮೂರು ತಿಂಗಳು ಮೊದಲೇ ಆರಂಭವಾಗುತ್ತದೆ. ಏಕೆಂಬುದು ಒಗಟಾಗಿತ್ತು. ಉಪಗ್ರಹದಿಂದ ಆವಿಯಲ್ಲಿನ ಡ್ಯುಟೀರಿಯಂ (ಭಾರದ ಹೈಡ್ರೋಜನ್) ಅಳೆದಾಗ, ಆ ಹೊತ್ತಿನ ತೇವದಲ್ಲಿ ಎಲೆಗಳಿಂದ ಹೊರಟದ್ದರ ಗುರುತು ಸ್ಪಷ್ಟವಾಗಿ ಸಿಕ್ಕಿತು. ಮಳೆಗಾಲಕ್ಕೆ ಚಾಲನೆ ಕೊಡುವುದು ಕಾಡೇ ಎಂದಾಯಿತು.

ಇಂಥ ಶೋಧ ನಮ್ಮ ನೆಲದಲ್ಲೂ ನಡೆದಿದೆ. ನೈರುತ್ಯ ಮುಂಗಾರಿನಲ್ಲಿ ತಮಿಳುನಾಡು ಪಡೆಯುವ ಮಳೆಗೆ ಪಶ್ಚಿಮ ಘಟ್ಟದ ಕಾಡುಗಳು ಗಣನೀಯ ತೇವ ಒದಗಿಸುತ್ತವೆ, ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಪಾಲು ಹೆಚ್ಚುತ್ತದೆ ಎಂದು ಬಾಂಬೆ ಐಐಟಿ ಸಂಶೋಧಕರು 2018ರಲ್ಲಿ ತೋರಿಸಿದರು. ಸಹ್ಯಾದ್ರಿಯಲ್ಲಿ ಉರುಳುವ ಮರದ ಲೆಕ್ಕ ರಾಜ್ಯದ ಗಡಿಯಲ್ಲಿ ಮುಗಿಯುವುದಿಲ್ಲ.

ಅದೇ ವರ್ಷ ವಿಜ್ಞಾನಿಗಳಾದ ಥಾಮಸ್ ಲವ್‌ಜಾಯ್ ಮತ್ತು ಕಾರ್ಲೋಸ್ ನೊಬ್ರೆ ಒಂದು ಎಚ್ಚರಿಕೆ ಕೊಟ್ಟರು: ಅಮೆಜಾನ್ ಕಾಡಿನ ಶೇ. 20ರಿಂದ 25ರಷ್ಟು ನಾಶವಾದರೆ ಈ ಚಕ್ರ ಮುರಿದು, ದಟ್ಟ ಕಾಡಿನ ಬಹುಭಾಗ ಕುರುಚಲು ಬಯಲಾಗಬಹುದು. ಆ ಹೊತ್ತಿಗಾಗಲೇ ಸುಮಾರು ಶೇ. 17ರಷ್ಟು ಕಾಡು ಹೋಗಿತ್ತು.